ಎಡ ಪೆಡಲು

ಸೋಮವಾರದೊಳಗೆ ಖಾಲಿ ಮಾಡಿ ಎಂದಿದೆ ಕಾಗದ.
ಹೆದ್ದಾರಿಯವರು ಬಳಿದುಹೋದ ಕೆಂಪು ಗೆರೆ
ಇನಾಸ್‌ಬಾಬನ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಬಂದಿದೆ.
ಕೋಡಿಬಾಗದ ಗಾಳಿಗೆ ಮೊದಲಿಂದಲೂ ಕಬ್ಬಿಣವೆಂದರೆ ಆಸೆ,
ನೆಕ್ಕಿ ನೆಕ್ಕಿ ಶಟರಿನ ಅಂಚು ಈಗ ಹಪ್ಪಳ.

ಪಿಯಾದಾಬಾಯಿ ಮಣೆಯ ಮೇಲೆ ಕೂತಿದ್ದಾರೆ.
ಎರಡೂ ಕಣ್ಣಿಗೆ ಪೊರೆ. ಮುಂದೆ ಮೂರು ಮೀನುಬುಟ್ಟಿ,
ಮುಚ್ಚಳವಿಲ್ಲದ ಐಸ್ ಪೆಟ್ಟಿಗೆ, ತಾಟಿನಲ್ಲಿ ಸೀಮೆಎಣ್ಣೆ.
ನಾನು ಎತ್ತಿ ಕೊಡುತ್ತೇನೆ,
ಅವರು ಹೆಬ್ಬೆರಳಲ್ಲಿ ಓದುತ್ತಾರೆ.

"ಇದು ಕಾಟರ್ ಪಿನ್ನು, ಸವೆದಿದೆ, ತೂಕಕ್ಕೆ ಹಾಕು.
ಇದು ಹಂಬರಿನ ಫೋರ್ಕು, ನೋಡು, ಒಂದೊಂದು ಕಾಲಿಗೂ ಎರಡೆರಡು ಕೊಳವೆ.
ಇದು ಪೋಸ್ಟ್‌ಮನ್ ಗೋಯ್ದಪ್ಪನ ಬೆಲ್ಲು,
ಹೊಡೆದರೆ ಒಂದೇ ಸಲ, ಎರಡನೇದಕ್ಕೆ ಸಿಟ್ಟು.
ಇದು ಡೈನಮೋ, ಮಹಾ ಸುಳ್ಳುಗಾರ,
ಬಿಣಗಾ ಘಾಟು ಇಳಿಯುವಾಗ ಮಾತ್ರ ಬೆಳಕು."

ಏಳು ವರ್ಷ ಇಲ್ಲಿ ಪಂಕ್ಚರ್ ತಿದ್ದಿದವ ನಾನು.
ಈಗ ಬಸ್ ಡಿಪೋದಲ್ಲಿ ನನ್ನೆದೆಯೆತ್ತರದ ಟಯರು ಉರುಳಿಸುತ್ತೇನೆ.
ಈ ಅಮ್ಮ ಅಂಗಡಿಗೆ ಬಂದದ್ದು ಕಂಡದ್ದೇ ಕಮ್ಮಿ.
ಬೆಳಿಗ್ಗೆ ಬಂದರೆ ಡಬ್ಬಿಗಳೆಲ್ಲ ಸರಿ:
ಕಾಲಿಂಚಿನ ಗುಂಡು ಬೇರೆ, ಅದಕ್ಕಿಂತ ಕೂದಲೆಳೆ ಸಣ್ಣದು ಬೇರೆ.
ಬಾಬನ ಕೈ ದೊಡ್ಡದು ಅಂತಿದ್ದರು ಊರವರು.
ರಾತ್ರಿ ಊಟದ ಬಟ್ಟಲು ತೊಳೆದ ಮೇಲೆ
ಗುಂಡು ಆರಿಸುತ್ತಿದ್ದ ಕೈ ಯಾವುದೆಂದು
ನಾನೂ ಕೇಳಿರಲಿಲ್ಲ.

ಪಣಜಿಯ ಹೋಟೆಲಿನವ ನಾಳೆ ಬರುತ್ತಾನೆ.
ಹಳೇ ಸಾಮಾನು ಗೋಡೆಗೆ ತೂಗುಹಾಕುತ್ತಾನಂತೆ.
"ತುಕ್ಕು ತೆಗೀಬೇಡಿ, ತುಕ್ಕಿಗೇ ಕಾಸು" ಅಂದ ಫೋನಿನಲ್ಲಿ.
ಪಿಯಾದಾಬಾಯಿ ಕೆಮ್ಮು ಬರುವಷ್ಟು ನಕ್ಕರು:
"ಐವತ್ತು ವರ್ಷ ಉಜ್ಜಿದ್ದೆವಲ್ಲ,
ಆ ಕೂಲಿ ಇನ್ನು ಯಾರ ಹತ್ತಿರ ಕೇಳಲಿ?"

ಮಧ್ಯಾಹ್ನಕ್ಕೆ ಪೆಡಲುಗಳ ಸರದಿ.
"ದಾವೆಂ" ಅಂದರೆ ಎಡದ ಬುಟ್ಟಿ, "ಉಜ್ವೆಂ" ಅಂದರೆ ಬಲದ್ದು.
ಲೋಕದ ತಿರುಪೆಲ್ಲ ಬಲಕ್ಕೆ ತಿರುವಿದರೆ ಬಿಗಿ,
ಎಡ ಪೆಡಲಿನದು ಮಾತ್ರ ಉಲ್ಟಾ.
ಅದು ತಿಳಿಯದೆ ಮೊದಲ ದಿನವೇ ಒಂದರ ಮರೆ ಕೆಡಿಸಿ
ಪಂಪಿನ ಹಿಡಿಯಿಂದ ತಿಂದ ಪೆಟ್ಟು
ಮಳೆಗಾಲದಲ್ಲಿ ಈಗಲೂ ನೆನಪಾಗುತ್ತದೆ, ಮೊಣಕೈಗೆ.

ಆಮೇಲೆ ಅಟ್ಟದ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ.
ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಪೆಡಲು, ಹನ್ನೊಂದು.
ಹೊಳಪು ಮಾಸಿಲ್ಲ, ರಬ್ಬರಿನ ಮೇಲೆ ಒಂದು ಚಪ್ಪಲಿಯ ಗುರುತಿಲ್ಲ.
ಅವರು ಒಂದೊಂದೇ ಬಿಚ್ಚಿ ತಿರುಪು ಸವರಿದರು.
ದಾವೆಂ. ದಾವೆಂ. ದಾವೆಂ.
ಹನ್ನೊಂದೂ ಎಡ.

"ಬುದವಂತಂದು," ಅಂದರು.

ಬೈತಖೋಲದ ಬುದವಂತ ಹರಿಕಂತ್ರ.
ಬೆಳಿಗ್ಗೆ ದೋಣಿ ತಾಗುವ ಹೊತ್ತಿಗೆ ಬಂಗಡೆ ತುಂಬಿಕೊಂಡು
ಶಿರವಾಡ, ಕಡವಾಡ, ಭೋಂಪು ಒತ್ತುತ್ತ ಹೋಗುವವ.
ಎಡಗಾಲು ಹುಟ್ಟಿದಾಗಿನ ಅಳತೆಯಲ್ಲೇ ನಿಂತಿತ್ತು.
ಬಲಗಾಲನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಪೆಡಲಿಗೆ ಕಟ್ಟಿ
ತುಳಿಯುವುದೂ ಅದರಲ್ಲೇ, ಎಳೆಯುವುದೂ ಅದರಲ್ಲೇ.
ವರ್ಷಕ್ಕೊಂದು ಬಲ ಪೆಡಲು ತಿನ್ನುತ್ತಿದ್ದ.
"ಎಡದ್ದು ನನಗೆ ಯಾಕೆ ಬಾಬಾ, ಅದರ ದುಡ್ಡು ಯಾಕೆ?"
ಬಾಬ ಒಂದು ಮಾತಾಡದೆ ಜೋಡಿ ಒಡೆದು
ಅರ್ಧ ಕ್ರಯಕ್ಕೆ ಕೊಟ್ಟ. ಹನ್ನೊಂದು ಸಲ.
ಅಂಗಡಿಯಲ್ಲಿ ಯಾರಿಗೂ ಐದು ಪೈಸೆ ಬಿಟ್ಟವನಲ್ಲ ಆತ,
ವಾಲ್‌ಟ್ಯೂಬಿನ ತುಂಡಿಗೂ ಲೆಕ್ಕ ಬರೆದವ.

ಹನ್ನೆರಡನೇ ವರ್ಷ ಬುದವಂತ ಬರಲಿಲ್ಲ.
ಯಾಕೆ, ಕೇಳಿದೆ. ಪಿಯಾದಾಬಾಯಿಗೂ ಗೊತ್ತಿಲ್ಲ.
"ಇವರು ಒಂದು ಜೋಡಿ ಎತ್ತಿಟ್ಟಿದ್ದರು.
ಮಳೆ ಹಿಡಿಯಿತು. ಆಮೇಲೆ ಅದನ್ನೂ ಮಾರಿದರು."

ಹೋಟೆಲಿನವನಿಗೆ ಫೋಟೋ ಕಳಿಸಿದೆ.
ಉತ್ತರ ಬಂತು: ಜೋಡಿ ಇದ್ದರೆ ಹೇಳಿ.

ಕಾಳಿಯ ಕಡೆಯಿಂದ ಗಾಳಿ ತಿರುಗಿತು. ಅವರು ಕೈ ಒರೆಸಿಕೊಂಡು
ಡಬ್ಬಿಯ ಮುಚ್ಚಳ ಒತ್ತಿದರು, ಅದು ಕೂರಲಿಲ್ಲ, ಮತ್ತೆ ಒತ್ತಿದರು.
"ಇದು ತೂಕಕ್ಕೂ ಬೇಡ, ಗೋಡೆಗೂ ಬೇಡ.
ಬಾಕಿ ಅಂತ ಬರಿ."

ಸುಣ್ಣದ ಕಡ್ಡಿಯಲ್ಲಿ ಬರೆದೆ.
ಉಳಿದದ್ದು ಎಂದೋ, ಯಾರೋ ಕೊಡಬೇಕಾದ್ದು ಎಂದೋ
ಅವರು ಹೇಳಲಿಲ್ಲ.
ಸಂಜೆ ಸೈಕಲಿನ ಕ್ಯಾರಿಯರಿಗೆ ಡಬ್ಬಿ ಕಟ್ಟಿಕೊಂಡು ಮನೆಗೆ ಹೊರಟೆ,
ಸೇತುವೆಯ ಏರಿನಲ್ಲಿ ಸುಮ್ಮನೆ
ಎಡಗಾಲು ಎತ್ತಿ ನೋಡಿದೆ.
ಹತ್ತು ಮಾರು ಹೋದೆನೋ ಇಲ್ಲವೋ,
ಇಳಿದು ತಳ್ಳಿದೆ.