ಮೂರು ಗಂಟೆ

ಒಂದು ಗಂಟೆ ಬಾರಿಸಿದರೆ ನಿಲ್ಲಿಸು.
ಎರಡಕ್ಕೆ ಇಳಿಸು.
ಮೂರು ಬಾರಿಸಿದರೆ ಕೇಜಿನಲ್ಲಿರುವುದು ಅದಿರಲ್ಲ, ಮನುಷ್ಯರು.
ಕೈ ಮೆತ್ತಗಿರಲಿ.

ಹಟ್ಟಿಯ ಗಣಿಯಲ್ಲಿ ಇಪ್ಪತ್ತೆರಡು ವರ್ಷ
ಇಷ್ಟರ ಮೇಲೆಯೇ ಉಂಡಿದ್ದೇನೆ ನಾನು,
ವೈಂಡರ್ ಮನೆಯ ಸಮುವೇಲಪ್ಪ.
ಒಂದು ಕುರ್ಚಿ, ಲಿವರು, ಎದುರಿಗೆ ಆಳ ತೋರಿಸುವ ಮುಳ್ಳು.
ಕೇಜಿನೊಳಗಿನ ಮುಖ ನನಗೆ ಕಾಣುವುದಿಲ್ಲ,
ನನ್ನ ಮುಖ ಅವರಿಗೆ.
ಹಿತ್ತಾಳೆ ಬಿಲ್ಲೆ ಗೇಟಿನಲ್ಲಿ ಕೊಟ್ಟು,
ಬೀಡಿ, ಬೆಂಕಿಪೊಟ್ಟಣ ಹೊರಗಿಟ್ಟು,
ಒಬ್ಬರ ಬೆವರಿಗೊಬ್ಬರು ಒತ್ತಿ ನಿಲ್ಲುತ್ತಾರೆ.
ಒಬ್ಬನೂ ಕೇಳಿದ್ದಿಲ್ಲ, ಮೇಲೆ ಇವತ್ತು ಯಾರು,
ಉಂಡು ಬಂದಿದ್ದಾನೋ, ಮನೆಯಲ್ಲಿ ಜಗಳಾಡಿ ಬಂದಿದ್ದಾನೋ.

ನಾನೋ, ಚರ್ಚಿನಲ್ಲಿ ಎರಡನೇ ಬೆಂಚಿನವನು.
"ಎಲ್ಲಾ ನಿನಗೇ ಒಪ್ಪಿಸಿದ್ದೇನೆ ಕರ್ತನೇ" ಎಂದು
ಆದಿತ್ಯವಾರ ಎಲ್ಲರಿಗಿಂತ ಗಟ್ಟಿಯಾಗಿ ಅಂದು
ಮನೆಗೆ ಬಂದು ಜೋಳದ ಚೀಲದ ಗಂಟು ಎಳೆದು ನೋಡುವವನು.
ಮಗಳು ಲಿಂಗಸುಗೂರಿಗೆ ಯಾವ ಬಸ್ಸಿಗೆ ಹೋದಳು, ಯಾವ ಸೀಟು,
ಸಾರಿಗೆ ಉಪ್ಪು ಎಷ್ಟು ಚಿಟಿಕೆ,
ಎಲ್ಲದಕ್ಕೂ ನನ್ನದೊಂದು ಲಿವರು.
ಕಾಣಿಕೆ ಚೀಲದೊಳಗೆ ನೋಟು ಇಳಿದ ಮೇಲೂ
ಎರಡು ಬೆರಳು ಅದರ ತುದಿಯನ್ನು ಹಿಡಿದೇ ಇರುತ್ತಿದ್ದವು.

ಕೈ ನಡುಗಿದ್ದು ಹೋದ ವರ್ಷದ ಸುಗ್ಗಿ ಕಾಣಿಕೆಯಲ್ಲಿ.
ಹರಾಜಿನ ಕುಂಬಳಕಾಯಿ ಎತ್ತಿ ಹಿಡಿದೆ, ಕಾಯಿ ಅಲ್ಲಾಡಿತು,
ಭಾರಕ್ಕೆ ಅಂದುಕೊಂಡೆ.
ಆಮೇಲೆ ಚಹಾದ ಬಸಿ.
ಆಮೇಲೆ ರೊಟ್ಟಿ ಮುರಿಯುವಾಗ.
ದೀನಮ್ಮ ನೋಡಿದಳು, ಏನೂ ಅನ್ನಲಿಲ್ಲ,
ಅವತ್ತಿನಿಂದ ಅರ್ಧ ಲೋಟವಷ್ಟೇ ಚಹಾ ಹಾಕಿ ಕೊಟ್ಟಳು.

ಲಿವರು ಹಿಡಿದರೆ ಮಾತ್ರ ಕೈ ನಿಲ್ಲುತ್ತಿತ್ತು.
ಹೆಚ್ಚುಕಮ್ಮಿ ನಿಲ್ಲುತ್ತಿತ್ತು.
ಈ ಹೆಚ್ಚುಕಮ್ಮಿಯ ಮೇಲೆ ದಿನವೂ ಮಂದಿಯನ್ನು ಇಳಿಸಿದೆ,
ಏಳು ತಿಂಗಳು.
ನಡುಕ ತೆಗೆ ಎಂದು ಬೇಡಿದೆ, ಉಪವಾಸ ಇದ್ದೆ,
ಪ್ರಾರ್ಥನೆಯ ಎಣ್ಣೆ ಹಚ್ಚಿಸಿಕೊಂಡೆ.
ಬೇರೆ ಪ್ರಾರ್ಥನೆಯೊಂದಿತ್ತು,
ಅದನ್ನು ಬಾಯಿಗೆ ತರಲಿಲ್ಲ.

ಒಂದು ಬುಧವಾರ, ಕೂಟ ನಮ್ಮ ಮನೆಯಲ್ಲೇ.
ಸಾಕ್ಷಿ ಹೇಳುವ ಸರದಿ ನನ್ನದು.
ಎದ್ದು "ಸ್ತೋತ್ರ" ಅಂದೆ, ಮುಂದೆ ಮಾತು ಹೊರಡಲಿಲ್ಲ,
ಪಾಸ್ಟರು ಹಾಡು ಎತ್ತಿಕೊಂಡು ನನ್ನನ್ನು ಕೂರಿಸಿದರು.
ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತ ದೀನಮ್ಮ ಅಂದಳು:
"ದೇವರಿಗೆ ಆಮ್ಯಾಲೆ ಕೊಡುವಂತಿ.
ಮೊದ್ಲು ಮ್ಯಾನೇಜರಗ ಕೊಡು.
ಅವನ ಆಫೀಸು ಹತ್ರ ಐತಿ."

ಕಾಗದ ಬರೆದುಕೊಟ್ಟೆ.
ನನ್ನ ಸಹಿಯೇ ಸಾಕ್ಷಿ ಹೇಳಿತು.

ಈಗ ಲ್ಯಾಂಪ್ ರೂಮು. ಹೆಲ್ಮೆಟ್ಟಿನ ದೀಪ ಎಣಿಸಿ ಕೊಡುವುದು,
ಎಣಿಸಿ ತೆಗೆದುಕೊಳ್ಳುವುದು.
ನಡುಗುವ ಕೈ ಕೊಟ್ಟರೂ ದೀಪ ಹತ್ತುತ್ತದೆ.
ಓವರ್‌ಟೈಮ್ ಇಲ್ಲ, ಮಗಳ ಫೀಸು ಎರಡು ಕಂತಾಯಿತು.
ಮೊದಲ ತಿಂಗಳು ದೇವರ ಜೊತೆ ಮಾತು ಬಿಟ್ಟಿದ್ದೆ, ಸುಳ್ಳೇಕೆ.

ನಿನ್ನೆ ಕೆಳಗಿನ ಲೆವೆಲ್ಲಿಗೆ ಆರು ದೀಪ ಒಯ್ಯಬೇಕಿತ್ತು.
ಮಧ್ಯಾಹ್ನ ಮೂರಕ್ಕೆ ಐದು ನಿಮಿಷ.
ಶುಭ ಶುಕ್ರವಾರವಾದರೆ
ಚರ್ಚಿನಲ್ಲಿ ಎಲ್ಲರೂ ಎದ್ದು ನಿಲ್ಲುವ ಹೊತ್ತು.
ಬಿಲ್ಲೆ ಕೊಟ್ಟು ಕೇಜಿನೊಳಗೆ ನಿಂತೆ.
ಕೆಲಸಕ್ಕೆ ಸೇರಿದ ವರ್ಷ ಒಮ್ಮೆ ಇಳಿದಿದ್ದೆ,
ಕಣ್ಣು ಮುಚ್ಚಿಕೊಂಡು.

ಮೇಲೆ ಯಾರಿದ್ದಾರೆ, ಕೇಳಲು ಬಾಯಿ ತೆರೆದೆ.
ನಾನೇ ಕಲಿಸಿದ ಯಂಕೋಬನೋ,
ಬ್ರೇಕು ತುಸು ಬೇಗ ಒತ್ತುವ ಆ ಮಸ್ಕಿ ಹುಡುಗನೋ.
ಪಕ್ಕದವನು ನಿಂತಲ್ಲೇ ಆಕಳಿಸುತ್ತಿದ್ದ,
ಅವನ ಕಣ್ಣಿನಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ.
ಬಾಯಿ ಮುಚ್ಚಿದೆ.
ಎರಡೂ ಕೈ ತುಂಬ ದೀಪ,
ತಲೆಯ ಮೇಲಿನ ಸರಳು ಹಿಡಿಯಲಿಕ್ಕೂ ಆಗದು.

ಮೂರು ಗಂಟೆ.
ತಡೆದು, ಎರಡು.

ಕಾಲಡಿಯ ನೆಲ ಹೋಯಿತು.
ಕತ್ತಲಲ್ಲಿ ನನ್ನ ಕೈಯ ದೀಪಗಳು ಒಂದಕ್ಕೊಂದು ಟಕಟಕ ಬಡಿಯುತ್ತಿದ್ದವು,
ಯಾರೋ
ಮೆತ್ತಗೆ ಇಳಿಸುತ್ತಿದ್ದರು.