ರವಿವಾರ, ಭಾವಿಯೊಳಗ

ಉಮದಿ ರೋಡಿನ ಮಗ್ಗಲ, ಮಾವನ ಹೊಲದ ಭಾವಿ.
ಕಾಲುವಿ ನೀರು ಬಂದ ವರ್ಷದಿಂದ
ಹನ್ನೊಂದನೇ ಮೆಟ್ಟಲಾ ಕಾಣೂದಿಲ್ಲ.
ಕರೀ ಕೋಟು ಜತ್ತದ ಮನಿಯೊಳಗ, ಮೊಳಿಗೆ ತೂಗೇತಿ.
ಫೋನು ಟ್ರ್ಯಾಕ್ಟರಿನ ಪಾನಾದ ಪೆಟಗಿಯೊಳಗ.
ಅದು ನಡುಗಿದರ ಪಾನಾನೂ ನಡಗತಾವ,
ನಡಗಲಿ.

ಆರು ದಿನ ನನ್ನವು ಅಲ್ಲ.
ಸೋಮವಾರ ಜಾಮೀನು, ಮಂಗಳವಾರ ವಾಟಣಿ,
ಬುಧವಾರ ಒಬ್ಬಾಕಿಯ ಪೋಟಗಿ.
ಜಡ್ಜರ ಮುಂದ ಮರಾಠಿ, ಕಾಗದದಾಗ ಇಂಗ್ಲಿಷು,
ಬೇವಿನ ಗಿಡದ ಬುಡಕ ನಿಂತವರ ಜೋಡಿ ಕನ್ನಡ.
ಹೆಂಡತಿ ರಾತ್ರಿ ಅಲುಗಿಸಿ ಎಬ್ಬಿಸಿದರ
"ಮುಂದಿನ ತಾರೀಖು" ಅಂದೆನಂತ.

ನೀರೊಳಗ ಯಾವ ಭಾಷಾನೂ ನಡಿಯೂದಿಲ್ಲ.
ಬಾಯಿ ತೆರೆದರ ಗುಳ್ಳಿ.

ಕಟ್ಟಿ ಮ್ಯಾಲ ದಾಕ್ಷಿ, ಒಂಬತ್ತು ವರ್ಷದಾಕಿ,
ಸಾಲಿಯಾಗ ಕಲಿತ ಲೆಕ್ಕದಲೆ ಎಣಸತಾಳ:
ಏಕ, ದೋನ, ತೀನ…
ಶ್ರಾವಣದಾಗ ಹನ್ನೆರಡು ಇತ್ತು ನನ್ನ ಉಸಿರು,
ದೀಪಾವಳಿಗೆ ಇಪ್ಪತ್ತಾರು.
ಇಷ್ಟ ನನ್ನ ರಜಾ. ಇದಕ್ಕೂ ಕಾವಲು ಬೇಕು.

ಇವತ್ತ ಎದ್ದು ಕಣ್ಣು ಒರಸಿಕೊಂಡರ
ಕಟ್ಟಿ ಮ್ಯಾಲ ಎರಡು ನೆರಳು.
ಮಾಯಪ್ಪ ಕೋಳೇಕರ. ಸಂಖದಿಂದ ಸೈಕಲ್ ತುಳಕೊಂಡು.
ಕಂಕುಳಾಗ ಪ್ಲಾಸ್ಟಿಕ್ ಚೀಲ, ಚೀಲದಾಗ ಸಾತಬಾರಾ.
"ಸಾಹೇಬ್ರ, ಫೋನ್ ಎತ್ತಲಿಲ್ಲ ನೀವು.
ಬಾಂದಿನ ತಾರೀಖ್ ನಾಳಿ ಅಲ್ಲೇನ್ರಿ?"
"ಹೌದು, ನಾಳಿ."
"ಹಂಗಂದ್ರ ಇವತ್ತ ಸ್ವಲ್ಪ…"

ಬರೇ ಚಡ್ಡಿ ಮ್ಯಾಲ, ಕುತ್ತಿಗಿತನಕ ನೀರಾಗ
ಎಂಥಾ ವಕೀಲ ನಾನು?
ಅವನ ಮೂರು ಮೊಳ ನೆಲ ನನಗೂ ಬಾಯಿಪಾಠ:
ಅಣ್ಣ ರಾತ್ರಿ ಕಲ್ಲು ಸರಿಸಿದ್ದು,
ಇವ ನಸಿಕಿನ್ಯಾಗ ಹೊಳ್ಳಿ ಇಟ್ಟದ್ದು,
ಹದಿನಾಲ್ಕು ವರ್ಷ.
ಒಂದು ಉತ್ತರ ಕೊಟ್ಟರ ನನ್ನ ಗಂಟೇನು ಹೋಗತೈತಿ?
ಕೊಟ್ಟರ ಎರಡನೇದು ಕೇಳತಾನ. ಬರೂ ವಾರ
ಹಗ್ಗ ಹಿಡಕೊಂಡು ಇನ್ನೊಬ್ಬ ಇಳಿತಾನ.

ದಾಕ್ಷಿ ಅವನ ಧೋತರ ಜಗ್ಗಿದಳು:
"ಕಾಕಾ, ಮಾತಾಡಬ್ಯಾಡ್ರಿ. ಎಣಸೂದೈತಿ."

ಮುಳುಗಿದೆ.
ತಣ್ಣನ ಹಸರು. ಕಿವಿಯೊಳಗ ನನ್ನ ರಕ್ತದ ಸಪ್ಪಳ.
ಕಲ್ಲಿನ ಸಂದಿಯಿಂದ ಒಂದು ಆಮಿ ನನ್ನ ನೋಡಿ
ಏನೂ ಕೇಳದ ಹಿಂದ ಸರೀತು.

ಎದ್ದಾಗ ಮ್ಯಾಲ ಜಗಳ.
ಇಬ್ಬರೂ ಎಣಿಸ್ಯಾರ, ಆಕಿ ಮರಾಠಿಯೊಳಗ, ಆತ ಕನ್ನಡದಾಗ.
"ಎಕ್ಕೇಚಾಳೀಸ!" ಅಂತಾಳ ಈಕಿ.
"ಮೂವತ್ತೆಂಟು. ಬೀರಪ್ಪನಾಣಿ, ಮೂವತ್ತೆಂಟು."
ಚೀಲ ಸೈಕಲ್ಲಿನ ಹ್ಯಾಂಡಲಿಗೆ ತೂಗೇತಿ, ಮರತಾನ.
ಇಬ್ಬರೂ ನನ್ನ ಮಾರಿ ನೋಡಿದರು.

ನಡುವಿನ ಆ ಮೂರು ಯಾರವು ಅಂತ
ನಾ ಹೇಳಲಿಲ್ಲ.
ರವಿವಾರ.