ಅವರದೇ ಮಾತಿನಲ್ಲಿ

ವಿರಾಜಪೇಟೆ. ಗಡಿಯಾರ ಕಂಬದಿಂದ ಇಳಿದರೆ
ಕಾಫಿ ಪುಡಿ ಅಂಗಡಿ, ಅದರ ಮೇಲಿನ ಮಹಡಿ.
ಹತ್ತು ಗಂಟೆಗೆ ಕೆಳಗೆ ಹುರಿಯಲು ಶುರುಮಾಡುತ್ತಾರೆ,
ಹತ್ತೂವರೆಗೆ ನನ್ನ ಕಡತಗಳಿಗೆಲ್ಲ ಅದೇ ವಾಸನೆ.

ನನ್ನ ಕೆಲಸದ ಹೆಸರು ಉದ್ದ, ಬೋರ್ಡಿನಲ್ಲಿ ಹಿಡಿಸಲಿಲ್ಲ.
ಪೇಂಟರು "ಸಂಯೋಜಕಿ" ಎಂದಷ್ಟೇ ಬರೆದು ಹೋದ.
ಬಂದವರನ್ನು ಮೊದಲು ಕೂರಿಸುವವಳು ನಾನು,
ನೀರು ಕೊಡುವವಳು, ಹೆಸರು ಕೇಳುವವಳು,
ನಮ್ಮ ಮಾತನ್ನು ಕನ್ನಡಕ್ಕೆ ದಾಟಿಸುವವಳು.
(ಕಾಗದದಲ್ಲಿ ನಾವು ಎರವರು, ನಮ್ಮೊಳಗೆ ರಾವುಳರು.)
ಭಾಷೆ ಎರಡು. ಸಂಬಳ ಒಂದೇ ಭಾಷೆಯದ್ದು.

ಇವತ್ತು ಚಿಮ್ಮಿ ಬಂದಳು, ಮಗಳ ಜೊತೆ.
ಹನ್ನೊಂದಕ್ಕೆ ಬಾ ಎಂದಿದ್ದೆ, ಒಂದಾಯಿತು.
ತಡವೇಕೆ ಎಂಬ ಕಾಲಂ ಅರ್ಜಿಯಲ್ಲಿಲ್ಲ. ಇದ್ದಿದ್ದರೆ:
ಗೇಟಿನ ಹತ್ತಿರ ಆನೆ, ಜೊತೆಗೆ ಮರಿ,
ಜೀಪಿನವನು ಇಂಜಿನ್ ಆರಿಸಿ ಕಾದ.
ಕರಿಮೆಣಸು ಕೊಯ್ಲಿನ ಒಂದು ದಿನದ ಕೂಲಿ ಹೋಯಿತು.
ಅವಳ ಬೆರಳ ಸಂದಿಯಲ್ಲಿ ನಿನ್ನೆಯ ಹಸಿರು ಕಲೆ.

ಹೆಸರು: ಶಾಲೆಯಲ್ಲಿ ಸಬಿತ, ಲೈನಿನಲ್ಲಿ ಪಾಲಿ.
ವಯಸ್ಸು: ಹದಿನಾಲ್ಕು; ಅಥವಾ, ಕೆರೆ ಏರಿ ಒಡೆದ ವರ್ಷದವಳು.
ಖಾಯಂ ವಿಳಾಸ: ಇಲ್ಲಿ ಪೆನ್ನು ಯಾವಾಗಲೂ ನಿಲ್ಲುತ್ತದೆ.
ತೋಟ ಮಾರಿದರೆ ಲೈನು ಬದಲು, ರೈಟರು ಮುನಿದರೆ ಲೈನು ಬದಲು.
ನಾನು ಹುಟ್ಟಿದ ಲೈನು ಈಗ ಹೋಂಸ್ಟೇ.
ಮೊಬೈಲಿನಲ್ಲಿ ಅದರ ಫೋಟೋ ನೋಡಿದ್ದೆ,
ನಮ್ಮ ಒಲೆಯಿದ್ದಲ್ಲಿ ವಾಷ್ ಬೇಸಿನ್.

ಒಂಬತ್ತನೇ ಕಾಲಂ: ಬಂದ ಕಾರಣ, ಅವರದೇ ಮಾತಿನಲ್ಲಿ.
ಮೂರು ಗೆರೆ ಕೊಟ್ಟಿದ್ದಾರೆ.

ಚಿಮ್ಮಿ ಹೇಳಿದಳು. ನೆಲ ನೋಡಿ ಹೇಳಿದಳು.
ನಡುವೆ ಒಮ್ಮೆ ಬಾಗಿಲ ಚಿಲಕ ನೋಡಿದಳು.
ನನ್ನ ಗಂಟಲಲ್ಲಿ ಏನೋ ಸಿಕ್ಕಿತು,
ಕೈ ಮಾತ್ರ ಅಭ್ಯಾಸದಂತೆ ಓಡಿತು, ದುಂಡಗೆ:
"ಮಗಳ ವಿದ್ಯಾಭ್ಯಾಸ ಮುಂದುವರಿಸಲು ಮನೆಯಲ್ಲಿ
ಅನುಕೂಲವಿಲ್ಲದ ಕಾರಣ ಹಾಸ್ಟೆಲ್ ಕೋರಿದ್ದಾರೆ."
ದೇಚಮ್ಮ ಮೇಡಂಗೆ ಓದಿ ಹೇಳಿದೆ.
"ಪಾಪ, ಸರಿ," ಎಂದು ಸೀಲಿಗೆ ಕೈ ಚಾಚಿದರು.

ಆಗ ಹುಡುಗಿ, ಅಲ್ಲಿಯವರೆಗೆ
ರಿಬ್ಬನ್ನಿನ ನೂಲು ಎಳೆಯುತ್ತ ಕೂತಿದ್ದವಳು,
ತಲೆಯೆತ್ತದೆ,
ಆಶ್ರಮ ಶಾಲೆಯ ಅಚ್ಚುಕಟ್ಟು ಕನ್ನಡದಲ್ಲಿ:
"ಅಕ್ಕಾ, ಅಮ್ಮ ಹಾಗೆ ಹೇಳಲಿಲ್ಲ.
ಅನುಕೂಲ ಅಂತ ನಮ್ಮಲ್ಲಿ ಮಾತೇ ಇಲ್ಲ.
ನಿಮಗೂ ಗೊತ್ತಲ್ಲ."

ಕೆಳಗೆ ಹುರಿಯುವ ಡ್ರಮ್ಮು ತಿರುಗುತ್ತಿತ್ತು.

ಮೂರನೇ ಕ್ಲಾಸಿನಲ್ಲಿ ಒಮ್ಮೆ ನೀರು ಕೇಳಿದ್ದೆ, ನಮ್ಮ ಮಾತಿನಲ್ಲಿ.
ಇಡೀ ಕ್ಲಾಸು ನಕ್ಕಿತು, ಮೇಷ್ಟರೂ.
ಅಂದಿನಿಂದ ಏನು ಕೇಳುವುದಿದ್ದರೂ
ಒಳಗೇ ಒಗೆದು, ಹಿಂಡಿ, ಮಡಿಸಿ ಕೇಳುತ್ತೇನೆ.
ಇಪ್ಪತ್ತು ವರ್ಷದಿಂದ ಒಗೆಯುತ್ತಿದ್ದೇನೆ.
ಈಗ ಇನ್ನೊಬ್ಬಳ ಬಟ್ಟೆಯನ್ನೂ,
ಸಾಕ್ಷಿ ಅಂಟಿದ್ದ ಬಟ್ಟೆಯನ್ನೂ.

ಬರೆದದ್ದಕ್ಕೆ ಗೀಟು ಹಾಕಿದೆ. ಮತ್ತೆ ಕೇಳಿದೆ.
ಚಿಮ್ಮಿಯ ಮಾತನ್ನು, ಲಿಪಿಯಿಲ್ಲದ ಮಾತನ್ನು,
ಕನ್ನಡದ ಅಕ್ಷರಕ್ಕೆ ಹತ್ತಿಸಿ ಹಾಗೇ ಇಳಿಸಿದೆ.
ಅದರ ಕೆಳಗೆ ಕನ್ನಡ, ಉಪ್ಪು ಖಾರ ಹಚ್ಚದೆ:
ರಾತ್ರಿ ಇವಳನ್ನು ಕಾಯಲು ನನ್ನಿಂದ ಆಗುತ್ತಿಲ್ಲ.
ನಿದ್ದೆ ಬಂದುಬಿಡುತ್ತದೆ.
ಚಿಲಕ ಹೊರಗಿನಿಂದಲೂ ತೆಗೆಯಲು ಬರುತ್ತದೆ.
ಯಾರೆಂದು ಹೇಳಿದರೆ ಲೈನಿನಿಂದ ಇಳಿಸುತ್ತಾರೆ.

ಮೂರು ಗೆರೆ ಸಾಲಲಿಲ್ಲ.
"ಕಚೇರಿ ಉಪಯೋಗಕ್ಕೆ ಮಾತ್ರ" ಎಂಬ ಚೌಕಕ್ಕೂ ನುಗ್ಗಿತು.

ಮೇಡಂ ಕನ್ನಡಕ ಏರಿಸಿದರು. ಸೀಲು ಕೆಳಗಿಟ್ಟರು.
"ಮೇಲಿನದು ಯಾವ ಭಾಷೆ ಇದು?"
"ನಂದು, ಮೇಡಂ."
ಅವರು ಇನ್ನೊಮ್ಮೆ ಓದಿದರು, ಕೆಳಗಿನದನ್ನು. ಆಮೇಲೆ
ಮಡಿಕೇರಿಗೆ ಫೋನು ಹಚ್ಚಿದರು. ಇವತ್ತೇ, ಎಂದರು. ಇವತ್ತೇ.

ಚಿಮ್ಮಿಗೆ ಅದನ್ನು ನಾನು ತಿಳಿಸಬೇಕಿತ್ತು.
ಪಾಲಿಯೇ ಹೇಳಿಬಿಟ್ಟಳು, ನನಗಿಂತ ಕಡಿಮೆ ಮಾತಿನಲ್ಲಿ.

ಬೆಂಚಿನ ಮೇಲೆ ಇನ್ನೂ ಇಬ್ಬರು, ಅಸ್ಸಾಮಿನವರು,
ಮಡಿಲಲ್ಲಿ ಮಗು, ಕೈಯಲ್ಲಿ ಮಡಚಿದ ಆಧಾರ್ ಜೆರಾಕ್ಸು.
ಅವರ ಮಾತು ನನಗೆ ಬರುವುದಿಲ್ಲ.
ನೀರು ತರಲು ಎದ್ದೆ.